ಹುಳುವಿಗೆ ಕಾವಲು, ಮುಖಕ್ಕೆ ಪಾದರಸ

ನಮ್ಮ ಜಿಲ್ಲೆಯಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರೂ ರಸಾಯನಶಾಸ್ತ್ರ ಪಂಡಿತರಾಗಿಬಿಟ್ಟಿದ್ದಾರೆ.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಪೇಪರನ್ನು ಮೂವತ್ತೈದಕ್ಕೆ ಎಳೆದುಕೊಂಡು ಬಂದವರೂ ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ನಿಂತು ಶಾಂಪೂ ಬಾಟಲಿಯ ಬೆನ್ನು ಓದುತ್ತಾರೆ. ‘ಪ್ಯಾರಾಬೆನ್ ಇಲ್ವಾ? ಸಲ್ಫೇಟ್ ಇಲ್ವಾ? ಸಿಲಿಕೋನ್?’ ಅಂಗಡಿಯವನು ನಗುತ್ತಾನೆ. ‘ಏನೂ ಇಲ್ಲ ಅಕ್ಕ, ಎಲ್ಲಾ ಫ್ರೀ.’ ಆರುನೂರು ರೂಪಾಯಿ ಎಣಿಸಿಕೊಳ್ಳುತ್ತಾನೆ. ಏನೂ ಇಲ್ಲದ್ದಕ್ಕೆ ಆರುನೂರು ಕೊಡುವ ಜನರಿಗೆ ಲಾಭ ನಷ್ಟ ಕಲಿಸುವುದು ಕಷ್ಟ.

ಅದೇ ಕೌಂಟರಿನ ಕೆಳಗಿನ ಡ್ರಾಯರಿನಿಂದ ಇನ್ನೊಂದು ಡಬ್ಬಿ ಹೊರಬರುತ್ತದೆ. ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಚಿಕ್ಕದು. ಚಿನ್ನದ ಬಣ್ಣದ ಮುಚ್ಚಳ. ಮೇಲೊಂದು ಹಾಲುಬಿಳಿ ಹೆಂಗಸಿನ ಮುಖ. ಯಾವ ದೇಶದ ಲಿಪಿಯೋ ದೇವರಿಗೇ ಗೊತ್ತು. ಬ್ಯಾಚ್ ನಂಬರಿಲ್ಲ. ಲೈಸೆನ್ಸ್ ನಂಬರಿಲ್ಲ. ಒಳಗೇನಿದೆ ಎಂದು ಹೇಳುವ ಒಂದೇ ಒಂದು ಸಾಲಿಲ್ಲ. ‘ಒಂದು ವಾರ ಹಚ್ಚಿ ನೋಡಿ ಅಕ್ಕ, ರಿಸಲ್ಟು ಗ್ಯಾರಂಟಿ.’

ಅಕ್ಕ ಈ ಡಬ್ಬಿಯ ಬೆನ್ನು ಓದುವುದಿಲ್ಲ. ಸೀದಾ ಬ್ಯಾಗಿಗೆ ಇಳಿಸುತ್ತಾಳೆ. ಪ್ಯಾರಾಬೆನ್ ಇದೆಯಾ ಎಂದು ಕೇಳುವುದೂ ಇಲ್ಲ.

ಇರಲಿಕ್ಕಿಲ್ಲ ಬಿಡಿ. ಪಾದರಸ ಇರುವ ಕಡೆ ಪ್ಯಾರಾಬೆನ್ ಯಾಕೆ ಬೇಕು? ಬೂಷ್ಟು ಕೂಡ ಆ ಡಬ್ಬಿಯ ಹತ್ತಿರ ಸುಳಿಯಲು ಹೆದರುತ್ತದೆ.

ನಾನೇನೂ ಪ್ಯಾರಾಬೆನ್ ಪರ ವಕಾಲತ್ತು ಹಾಕಿಕೊಂಡು ಬಂದಿಲ್ಲ. ಕ್ರೀಮು ಕೆಡದಂತೆ ಇಡುವ ಒಂದು ವಸ್ತು ಅದು. ದೇಹದೊಳಗೆ ಹೋಗಿ ಹಾರ್ಮೋನಿನ ವೇಷ ಹಾಕುತ್ತದೆ ಎಂಬ ಅನುಮಾನ ಇದ್ದೇ ಇದೆ. ಯುರೋಪಿನವರು 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿದರು. ಮೀಥೈಲ್, ಈಥೈಲ್ ಪ್ಯಾರಾಬೆನ್‌ಗಳನ್ನು ತಲಾ ಶೇ 0.4ರ ಮಿತಿಯಲ್ಲಿ ಉಳಿಸಿಕೊಂಡರು. ವಿಷಯ ಅಷ್ಟೇ. ಕಂಪನಿಗಳಿಗೆ ನಿಷೇಧಕ್ಕೂ ಮುಂಚೆ ಆ ಅನುಮಾನವೇ ಸಾಕಾಗಿತ್ತು. ರಾತ್ರೋರಾತ್ರಿ ಎಲ್ಲ ಬಾಟಲಿಗಳೂ ಪತಿವ್ರತೆಯರಾದವು.

ಪ್ಯಾರಾಬೆನ್ ಹೋದ ಜಾಗಕ್ಕೆ ಬಂದವರಲ್ಲಿ ಒಬ್ಬರ ಹೆಸರು ಮೀಥೈಲ್‌ಐಸೋಥಯಾಜೋಲಿನೋನ್. ಉಚ್ಚರಿಸುವಷ್ಟರಲ್ಲಿ ಕೆರೆತ ಶುರುವಾಗುವ ಹೆಸರು. ಶುರುವಾಗಿಯೂ ಬಿಟ್ಟಿತು. ಅಮೆರಿಕದ ಚರ್ಮವೈದ್ಯರ ಸಂಘವೊಂದು ಪ್ರತಿವರ್ಷ ‘ವರ್ಷದ ಅಲರ್ಜಿಕಾರಕ’ ಎಂಬ ಬಿರುದು ಕೊಡುತ್ತದೆ. 2013ರ ಬಿರುದು ಇದಕ್ಕೇ ಸಂದಿತು. 2019ರಲ್ಲಿ ಅದೇ ಸಂಘ ಪ್ಯಾರಾಬೆನ್‌ಗಳನ್ನು ಕರೆದು ‘ವರ್ಷದ ಅಲರ್ಜಿಕಾರಕವಲ್ಲದ್ದು’ ಎಂದು ಸನ್ಮಾನ ಮಾಡಿತು. ಬಜಾರ್ ರಸ್ತೆಗೆ ಈ ಸುದ್ದಿ ಇನ್ನೂ ತಲುಪಿಲ್ಲ. ತಲುಪಿದರೆ ಬಾಟಲಿಗೆ ಮತ್ತೆ ನೂರು ರೂಪಾಯಿ ಏರುತ್ತದೆ, ‘ಈಗ ಪ್ಯಾರಾಬೆನ್ ಸಹಿತ’ ಎಂದು.

ಸರಿ, ಡ್ರಾಯರಿಗೆ ಬರೋಣ.

ಪಾದರಸ ಚರ್ಮದ ಬಣ್ಣವನ್ನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹಾಗಾಗಿ ವಾರದಲ್ಲಿ ಬೆಳ್ಳಗಾಗುವುದು ಸುಳ್ಳಲ್ಲ. ಅಂಗಡಿಯವನು ಹೇಳುವ ಎಲ್ಲ ಮಾತುಗಳಲ್ಲಿ ಅದೊಂದೇ ನಿಜ. ಆಮೇಲೆ ಅದು ಚರ್ಮದಲ್ಲಿ ಸುಮ್ಮನೆ ಕೂರುವುದಿಲ್ಲ. ರಕ್ತಕ್ಕೆ ಇಳಿಯುತ್ತದೆ, ಕಿಡ್ನಿಗೆ ಹೋಗುತ್ತದೆ, ನರಗಳಿಗೆ ಹೋಗುತ್ತದೆ. ಹಚ್ಚಿಕೊಂಡವಳ ಮೈಯಿಂದ, ದಿಂಬಿನಿಂದ, ಟವಲಿನಿಂದ ಮಗ್ಗುಲಲ್ಲಿ ಮಲಗಿದ ಮಗುವಿಗೂ ಹೋಗುತ್ತದೆ. ಫೇರ್‌ನೆಸ್ಸಿನಲ್ಲಿ ಇಷ್ಟು ಸಮಾನತೆ ಇದೆ ಎಂದು ಯಾವ ಜಾಹೀರಾತೂ ಹೇಳಿಲ್ಲ.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿ ಬಂದ ಒಂದು ಬಗೆಯ ಕಿಡ್ನಿ ಕಾಯಿಲೆಯ ಲೆಕ್ಕ ಇಟ್ಟರು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆ. 22 ಪ್ರಕರಣಗಳು. ಅದರಲ್ಲಿ 15 ಮಂದಿಯದ್ದು ಅಪರೂಪದ ಒಂದೇ ಜಾತಿ. ಆ 15ರಲ್ಲಿ 13 ಮಂದಿ ಕೊನೆಗೆ ಬಾಯಿಬಿಟ್ಟರು: ಹೌದು, ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದೆವು. ಆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂದು ಹೆಸರಿಟ್ಟು ಅಂಗಡಿಗಳ ಮೇಲೆ ದಾಳಿ ಮಾಡಿತು. ನಮ್ಮಲ್ಲಿ ‘ಆಪರೇಷನ್’ ಎಂದರೆ ಶಾಸಕರನ್ನು ರೆಸಾರ್ಟಿಗೆ ಸಾಗಿಸುವುದು. ಪಾಪ, ಇಲಾಖೆಗಳಿಗೆ ಆ ಪದ ಬಳಸಲೂ ಮುಜುಗರ ಇರಬೇಕು.

ಕಾನೂನು ಇಲ್ಲ ಎಂದುಕೊಳ್ಳಬೇಡಿ. ಕಾನೂನಿಗೆ ನಮ್ಮ ದೇಶದಲ್ಲಿ ಯಾವತ್ತಾದರೂ ಬರ ಬಂದಿದೆಯೇ? 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇದೆ. 2020ರ ಸೌಂದರ್ಯವರ್ಧಕ ನಿಯಮಗಳಿವೆ. ಬೇಕೆಂದು ಪಾದರಸ ಹಾಕುವಂತಿಲ್ಲ. ಕಚ್ಚಾ ಮಾಲಿನಿಂದ ಅಪ್ಪಿತಪ್ಪಿ ಬಂದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ. ಕಣ್ಣಿನ ಸುತ್ತ ಹಚ್ಚುವುದಕ್ಕೆ 70 ಪಾಲು. ಜೊತೆಗೆ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲೇ ಅನುಮೋದನೆ ಕೊಟ್ಟಿದೆ. ಮಿನಮಾಟ ಎಂದರೆ ಕಾರ್ಖಾನೆಯ ಪಾದರಸ ತುಂಬಿದ ಮೀನು ತಿಂದು ಊರಿಗೆ ಊರೇ ನರಳಿದ ಜಪಾನಿನ ಜಾಗ. ನಾವು ಮೀನಿನ ಸಹಾಯವನ್ನೂ ಕೇಳುತ್ತಿಲ್ಲ. ನೇರ ಹಚ್ಚಿಕೊಳ್ಳುತ್ತಿದ್ದೇವೆ.

ಇಷ್ಟೆಲ್ಲ ಬರೆದ ಕಾನೂನಿನಲ್ಲಿ ಒಂದು ಚಂದದ ತೂತು ಇದೆ. ಆ್ಯಂಟಿಬಯೋಟಿಕ್ ಮಾತ್ರೆ ಮಾರಲು ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು, ಗೋಡೆಗೆ ನೇತುಹಾಕಲು ಸರ್ಟಿಫಿಕೇಟ್ ಬೇಕು. ಮುಖಕ್ಕೆ ಹಚ್ಚುವ ಕ್ರೀಮು ಮಾರಲು ಏನೂ ಬೇಡ. ತಯಾರಿಸುವವನಿಗೆ ಲೈಸೆನ್ಸ್ ಬೇಕು, ಆಮದು ಮಾಡುವವನಿಗೆ ನೋಂದಣಿ ಬೇಕು. ಮಾರುವವನಿಗೆ ಒಂದು ಡ್ರಾಯರ್ ಇದ್ದರೆ ಸಾಕು.

ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರವಿದೆ. 1960ರ ದಶಕದಿಂದ ಕಿವಿಗೊಟ್ಟು ಕೂತಿದೆ. ಸಾವಿರಾರು ಮೈಲಿ ಆಚೆ ಯಾವನೋ ನೆಲದೊಳಗೆ ಬಾಂಬು ಸಿಡಿಸಿದರೆ ಇಲ್ಲಿ ಮುಳ್ಳು ಅಲ್ಲಾಡುತ್ತದೆ. ಅದೇ ಊರಿನ ಬಸ್‌ಸ್ಟ್ಯಾಂಡಿನ ಸುತ್ತ ಯಾವ ಡ್ರಾಯರಿನಲ್ಲಿ ಏನಿದೆ ಎಂಬುದು ಮಾತ್ರ ಸರ್ಕಾರದ ಯಾವ ಮಾಪಕಕ್ಕೂ ತಾಕುವುದಿಲ್ಲ.

ಹಾಗಂತ ನಮ್ಮ ಜನಕ್ಕೆ ವಿಷದ ತಿಳಿವಳಿಕೆ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಶಿಡ್ಲಘಟ್ಟದ ಯಾವುದಾದರೂ ಹಳ್ಳಿಯ ರೇಷ್ಮೆ ಹುಳುಮನೆಗೆ ಹೋಗಿ ನೋಡಿ.

ಹೋಗಿ ಅಂದೆ, ಒಳಗೆ ಬಿಡುತ್ತಾರೆ ಅಂತ ಹೇಳಲಿಲ್ಲ. ಬಾಗಿಲಲ್ಲೇ ತಡೆಯುತ್ತಾರೆ. ಚಪ್ಪಲಿ ಹೊರಗೆ. ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್. ಕೈ ತೊಳೆದು ಬನ್ನಿ. ಸೆಂಟು ಹಾಕಿದ್ದೀರಾ? ಆಚೆ ನಿಲ್ಲಿ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಊದುಬತ್ತಿ ಇಲ್ಲ. ಬೀಡಿ ಸೇದುವ ಮಾವನಿಗೆ ಆ ಕಡೆ ದಾರಿಯೇ ಇಲ್ಲ. ಪಕ್ಕದ ದ್ರಾಕ್ಷಿ ತೋಟದವನು ಗಾಳಿ ಈ ಕಡೆ ಬೀಸುವಾಗ ಔಷಧಿ ಹೊಡೆದನೋ, ಜಗಳ ಪಂಚಾಯ್ತಿ ಕಟ್ಟೆ ದಾಟಿ ಠಾಣೆಗೆ ಹೋಗುತ್ತದೆ. ಸೊಪ್ಪಿಗೆ ಏನು ಹೊಡೆದರು, ಎಷ್ಟು ದಿನವಾಯಿತು, ಎಲ್ಲ ಲೆಕ್ಕ ಬಾಯಲ್ಲಿರುತ್ತದೆ. ಗೂಡು ಕಟ್ಟುವವರೆಗೆ ಮೂರೂವರೆ ನಾಲ್ಕು ವಾರ ಆ ಮನೆಯಲ್ಲಿ ಹುಳುವಿಗಿರುವ ಕಾವಲು ಮಂತ್ರಿಗೂ ಇರುವುದಿಲ್ಲ.

ಆ ಮನೆಯ ಮಗಳ ಮುಖಕ್ಕೆ ಮಾತ್ರ ಡ್ರಾಯರಿನ ಡಬ್ಬಿ.

ಹುಳು ಸತ್ತರೆ ಲಾಸು. ಲೆಕ್ಕ ಸಿಗುತ್ತದೆ. ಕಿಡ್ನಿ ಹೋದರೆ ಹಣೆಬರಹ.

ಇನ್ನೊಂದು ವಿಷಯ ಗಮನಿಸಿ. ಹೊಸ ಬೆಳೆ ತರುವ ಮುಂಚೆ ಹುಳುಮನೆಯನ್ನು ಸೋಂಕು ಹೋಗುವ ಹಾಗೆ ತೊಳೆಯುತ್ತಾರೆ. ಹಳಬರನ್ನು ಕೇಳಿ, ಫಾರ್ಮಲಿನ್ ಎನ್ನುತ್ತಾರೆ. ಶೇ 2ರ ದ್ರಾವಣ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಿಂಪಡಿಸಿ, ಕಿಟಕಿ ಬಾಗಿಲು ಭದ್ರ ಮಾಡಿ, ಒಂದು ದಿನ ಯಾರೂ ಒಳಗೆ ಕಾಲಿಡುವಂತಿಲ್ಲ. ಆಮೇಲೆ ಎಲ್ಲ ತೆರೆದು, ವಾಸನೆ ಪೂರ್ತಿ ಹೋದ ಮೇಲೇ ಹುಳು ಒಳಗೆ. ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಶವ ಕೆಡದಂತೆ ಇಡಲೂ ಅದೇ. ಕ್ಯಾನ್ಸರ್ ತರುವ ವಸ್ತುಗಳ ಪೈಕಿ ಮೊದಲ ಗುಂಪಿನದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವಿಂಗಡಿಸಿ ಎಷ್ಟೋ ವರ್ಷವಾಯಿತು.

ಈಗ ಚಿಂತಾಮಣಿಯ ಒಂದು ಬ್ಯೂಟಿ ಪಾರ್ಲರಿಗೆ ಬನ್ನಿ. ಹತ್ತಕ್ಕೆ ಹನ್ನೆರಡು ಅಡಿಯ ರೂಮು. ಎ.ಸಿ. ಇದೆ, ಆದ್ದರಿಂದ ಕಿಟಕಿ ಮುಚ್ಚಿದೆ. ಕೂದಲು ನೆಟ್ಟಗೆ ಮಾಡುವ ಲೋಷನ್ ಹಚ್ಚಿ, ಮೇಲೆ ಕಾದ ಕಬ್ಬಿಣ ಎಳೆಯುತ್ತಾರೆ. ಹೊಗೆ ಏಳುತ್ತದೆ. ಕಣ್ಣು ಉರಿಯುತ್ತದೆ. ‘ಸ್ವಲ್ಪ ಉರಿಯುತ್ತೆ ಮೇಡಂ, ಕೆರಾಟಿನ್ ಅಲ್ವಾ, ಒಳಗೆ ಇಳೀತಿದೆ.’

ಇಳಿಯುತ್ತಿರುವುದು ಏನು ಎಂದು ಅಮೆರಿಕದ ಒರೆಗಾನ್ ರಾಜ್ಯದವರು 2010ರಲ್ಲೇ ಅಳೆದು ನೋಡಿದ್ದಾರೆ. ‘ಫಾರ್ಮಾಲ್ಡಿಹೈಡ್ ಫ್ರೀ’ ಎಂದು ಲೇಬಲ್ ಅಂಟಿಸಿಕೊಂಡಿದ್ದ ಲೋಷನ್ ಮಾದರಿಗಳಲ್ಲಿ ಅದು ಶೇ 6.3ರಿಂದ 10.6ರವರೆಗೆ ಸಿಕ್ಕಿತು. ಅಂದರೆ ಹುಳುಮನೆಯ ಗೋಡೆಗೆ ಹೊಡೆದು ಊರೆಲ್ಲ ಹೊರಗೆ ನಿಲ್ಲುವ ದ್ರಾವಣಕ್ಕಿಂತ ಮೂರರಿಂದ ಐದು ಪಟ್ಟು. ಇಲ್ಲಿ ಯಾರೂ ಹೊರಗೆ ನಿಲ್ಲುವುದಿಲ್ಲ. ಸೋಫಾದಲ್ಲಿ ಕೂತು ರೀಲ್ಸ್ ನೋಡುತ್ತಾರೆ.

ಈಗ ಹೊಸ ಲೋಷನ್‌ಗಳು ಬಂದಿವೆ, ಗ್ಲೈಆಕ್ಸಿಲಿಕ್ ಆಮ್ಲದವು. ಮತ್ತೆ ಅದೇ ‘ಫ್ರೀ’ ಹಣೆಪಟ್ಟಿ. ಇಸ್ರೇಲಿನಿಂದ, ಫ್ರಾನ್ಸಿನಿಂದ ಬಂದ ವೈದ್ಯಕೀಯ ವರದಿಗಳು ಅದಕ್ಕೂ ಕಿಡ್ನಿ ಪೆಟ್ಟಿಗೂ ಗಂಟು ಹಾಕಿವೆ. ಕೂದಲು ನೆಟ್ಟಗಾಯಿತು, ಮಿಕ್ಕಿದ್ದೆಲ್ಲ ಸೊಟ್ಟ.

ಪಾರ್ಲರಿಗೆ ಬರುವ ಮೇಡಂ ವರ್ಷಕ್ಕೊಂದೆರಡು ಸಲ ಆ ಹೊಗೆ ಕುಡಿದು ಹೋಗುವವಳು. ಅದನ್ನು ಮಾಡುವ ಹುಡುಗಿ ದಿನಾ ಕುಡಿಯುತ್ತಾಳೆ, ತಿಂಗಳ ಸಂಬಳಕ್ಕೆ. ಅವಳ ಬಗ್ಗೆ ಯಾವ ಬಾಟಲಿಯ ಮೇಲೂ ‘ಫ್ರೀ’ ಎಂದು ಬರೆದಿಲ್ಲ.

ಸಂಬಳಕ್ಕೆ ದುಡಿಯುವ ಹುಡುಗಿಯರು ಎಂದಾಗ ನೆನಪಾಯಿತು. ‘ಸಿಲ್ಕ್ ಪ್ರೋಟೀನ್’ ಶಾಂಪೂ ಬಂದಿದೆ, ನೋಡಿದ್ದೀರಾ? ಕೂದಲಿಗೆ ರೇಷ್ಮೆಯ ಮೃದುತ್ವವಂತೆ. ಗೂಡಿನ ರೇಷ್ಮೆಯ ತೂಕದಲ್ಲಿ ಶೇ 20ರಿಂದ 30ರಷ್ಟು ಸೆರಿಸಿನ್ ಎಂಬ ಅಂಟು. ಗೂಡು ಬೇಯಿಸುವಾಗ, ನೂಲು ತೊಳೆಯುವಾಗ ಅದು ನೀರಿಗೆ ಬಿಡುತ್ತದೆ. ಶಿಡ್ಲಘಟ್ಟದ ಮೋರಿಗಳಲ್ಲಿ ಎಷ್ಟು ದಶಕದ ಸಿಲ್ಕ್ ಪ್ರೋಟೀನ್ ಹರಿದುಹೋಗಿದೆಯೋ! ಆ ಮೋರಿಯ ವಾಸನೆಗೆ ಮೂಗು ಮುಚ್ಚಿಕೊಂಡು ಬಸ್ಸಿನಲ್ಲಿ ಹಾದುಹೋಗುವವರೇ ಮನೆಗೆ ಹೋಗಿ ಅದೇ ಪ್ರೋಟೀನಿನ ಹೆಸರು ಹೇಳುವ ಬಾಟಲಿಗೆ ದುಡ್ಡು ಕೊಡುತ್ತಾರೆ.

ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಬೇಸಿನ್ನಿನೊಳಗೆ ಬೆರಳಾಡಿಸಿ ಗೂಡಿನ ಎಳೆ ಹಿಡಿಯುವ ಹೆಂಗಸಿನ ಕೈ ನೋಡಿ. ದಿನವಿಡೀ ಅಪ್ಪಟ ಸಿಲ್ಕ್ ಪ್ರೋಟೀನಿನಲ್ಲೇ ಅದ್ದಿದ ಕೈ. ಬೆರಳ ತುದಿ ಬಿಳಿಚಿ, ಸುಕ್ಕುಗಟ್ಟಿ, ಸಂದಿಯಲ್ಲಿ ಬಿರುಕು. ಜಾಹೀರಾತಿನವರು ಆ ಕೈಯ ಫೋಟೊ ಯಾಕೋ ಹಾಕುವುದಿಲ್ಲ.

ಮೆಡಿಕಲ್ ಸ್ಟೋರುಗಳ ಮಹಿಮೆ ಬೇರೆಯೇ ಇದೆ. ಮುಖದಲ್ಲಿ ಮೊಡವೆ? ಒಂದು ಟ್ಯೂಬು. ತೊಡೆಸಂದಿಯಲ್ಲಿ ಗಜಕರ್ಣ? ಅದೇ ಟ್ಯೂಬು. ಮದುವೆಗೆ ಮುಂಚೆ ಬೆಳ್ಳಗಾಗಬೇಕಾ? ಅದೇ ಟ್ಯೂಬು, ಸ್ವಲ್ಪ ಹೆಚ್ಚಿಗೆ. ಒಳಗಿರುವುದು ಸ್ಟೆರಾಯ್ಡ್, ಜೊತೆಗೆ ಒಂದು ಆ್ಯಂಟಿಬಯೋಟಿಕ್, ಇನ್ನೊಂದು ಬೂಷ್ಟು ನಿವಾರಕ. ಯಾವ ಕಾಯಿಲೆ ಎಂದು ತಿಳಿಯದಿದ್ದಾಗ ಎಲ್ಲದಕ್ಕೂ ಒಂದೊಂದು ಗುಂಡು. ‘ಡಾಕ್ಟರ ಚೀಟಿ ಬೇಡವಾ?’ ಎಂದರೆ ನಮ್ಮ ಗಡಿಭಾಗದ ತೆಲುಗಿನಲ್ಲಿ ಅಭಯ ಸಿಗುತ್ತದೆ: ‘ಏಮೀ ಕಾದು ಸಾರ್.’ ಏನೂ ಆಗುವುದಿಲ್ಲವಂತೆ.

ಮೊದಲ ತಿಂಗಳು ನಿಜಕ್ಕೂ ಏನೂ ಆಗುವುದಿಲ್ಲ. ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಇನ್ನೂ ಉರಿ. ಹಾಗಾಗಿ ಮತ್ತೆ ಟ್ಯೂಬು. ಈ ಮುಖಕ್ಕೆ ಭಾರತದ ಚರ್ಮವೈದ್ಯರು 2008ರಲ್ಲೇ ‘ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ’ ಎಂದು ಹೆಸರಿಟ್ಟರು. ಗಮನಿಸಿ, ರೋಗಕ್ಕೆ ಹೆಸರಿಡುವ ಗೌರವ ಭಾರತಕ್ಕೆ ಸಿಕ್ಕಿದ್ದು ಸುಮ್ಮನೆ ಅಲ್ಲ. ಸಾಕಷ್ಟು ಮುಖಗಳನ್ನು ಕೆಡಿಸಿ ಸಂಪಾದಿಸಿದ್ದು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. ಚೀಟಿ ಕಡ್ಡಾಯವಾಯಿತು, ಕೇಳುವುದು ಕಡ್ಡಾಯವಾಗಲಿಲ್ಲ.

ಗಂಡಸರು ನಗುತ್ತಾ ಓದುತ್ತಿದ್ದೀರಿ ಎಂದು ಗೊತ್ತು. ಮೀಸೆ ಮುಟ್ಟಿ ನೋಡಿಕೊಳ್ಳಿ.

ಹದಿನೈದು ರೂಪಾಯಿಯ ಪ್ಯಾಕೆಟ್. ಮೇಲೆ ದೊಡ್ಡದಾಗಿ ‘ಅಮೋನಿಯಾ ಇಲ್ಲ’. ಕೆಳಗೆ ಇರುವೆ ಸಾಲಿನಂತೆ ‘ಪಿಪಿಡಿ’. ಪೂರ್ತಿ ಹೆಸರು ಪ್ಯಾರಾಫಿನೈಲಿನ್‌ಡೈಅಮೈನ್. ಕಪ್ಪು ಬಣ್ಣ ಕೂರಿಸುವುದೇ ಅದು. ಆಗದವರಿಗೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅಚ್ಚು ಹಾಕಬೇಕು ಎಂದು ನಿಯಮವಿದೆ. ಪರೀಕ್ಷೆ ಮಾಡಿ ಎರಡು ದಿನ ಕಾಯುವ ವ್ಯವಧಾನ ಯಾರಿಗಿದೆ? ಭಾನುವಾರ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ಮೀಸೆ, ಹುಬ್ಬು, ಮಿಕ್ಕಿದ್ದು ಎದೆಗೂದಲಿಗೆ.

ಚುನಾವಣೆ ಘೋಷಣೆಯಾದ ವಾರ ಜಿಲ್ಲೆಯ ಎಲ್ಲ ಫ್ಲೆಕ್ಸುಗಳಲ್ಲಿ ಎಪ್ಪತ್ತು ದಾಟಿದವರ ಮೀಸೆ ಕಾಡಿಗೆಯಾಗುತ್ತದೆ. ಸಾರ್ವಜನಿಕ ಆರೋಗ್ಯದ ಭಾಷಣ ಆ ಮೀಸೆಯ ಕೆಳಗಿನಿಂದಲೇ ಬರಬೇಕು. ಬರುತ್ತದೆ.

‘ಅದಕ್ಕೇ ನಾವು ನ್ಯಾಚುರಲ್’ ಎನ್ನುವವರೂ ಇದ್ದಾರೆ. ಇವರ ಕಾಟ ಹೆಚ್ಚು. ಮೆಹೆಂದಿ ನ್ಯಾಚುರಲ್ ಅಲ್ಲವೇ? ಹೌದು, ಸೊಪ್ಪು ರುಬ್ಬಿ ರಾತ್ರಿಯೆಲ್ಲ ಕಟ್ಟಿಕೊಂಡು ಮಲಗಿದರೆ. ಐದು ನಿಮಿಷಕ್ಕೆ ಕಾಫಿಬಣ್ಣ, ಹತ್ತಕ್ಕೆ ಕಪ್ಪು ಬರುವ ಕೋನ್ ಯಾವ ಗಿಡದಲ್ಲಿ ಬಿಡುತ್ತದೆ? ಪ್ರಪಂಚದಾದ್ಯಂತ ಕಪ್ಪು ಮೆಹೆಂದಿಯಲ್ಲಿ ಸಿಕ್ಕಿರುವುದು ಮತ್ತೆ ಅದೇ ಪಿಪಿಡಿ. ನಿಂಬೆರಸ ನ್ಯಾಚುರಲ್. ಮುಖಕ್ಕೆ ಉಜ್ಜಿಕೊಂಡು ನಮ್ಮ ಏಪ್ರಿಲ್ ಬಿಸಿಲಿಗೆ ಹೋಗಿ ಬನ್ನಿ, ಸುಟ್ಟ ಕಲೆ ಕೂಡ ನ್ಯಾಚುರಲ್ಲಾಗಿಯೇ ಬರುತ್ತದೆ. ಪಾದರಸ, ಸೀಸ, ಇವೂ ಭೂಮಿತಾಯಿ ಕೊಟ್ಟವೇ. ಕಾರ್ಖಾನೆಯಲ್ಲಿ ಹುಟ್ಟಿದವಲ್ಲ.

ಈಗ ನೀರಿನ ವಿಷಯ. ಆರುನೂರರ ಸಲ್ಫೇಟ್ ಇಲ್ಲದ ಶಾಂಪೂವನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ? ಸಾವಿರ, ಸಾವಿರದೈನೂರು ಅಡಿಯ ಬೋರ್‌ವೆಲ್ಲಿನದು. ಬಕೆಟ್ಟಿನ ಒಳಗೆ ಬಿಳಿ ಪೊರೆ. ಗೀಸರಿನ ಕಾಯಿಲಿಗೆ ಸುಣ್ಣದ ಕವಚ. ಆ ನೀರು ತಲೆಗೆ ಏನು ಮಾಡುತ್ತದೆ ಎಂದು ಶಾಂಪೂ ಬಾಟಲಿ ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಬಾಟಲಿ ಮಾರುವುದು ಹೇಗೆ?

ಇದಕ್ಕಿಂತ ಸೊಗಸು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಗೆ ಈ ಮಾನಕ ಓದಲು ಬರುವುದಿಲ್ಲ. ಮಕ್ಕಳ ಹಲ್ಲಿನ ಕಂದು ಗೆರೆ ನೋಡಿದರೆ ಊರು ಹೇಳಬಹುದು. ಅಲ್ಲಿಗೆ ಈಗ ಆನ್‌ಲೈನಿನಲ್ಲಿ ‘ಫ್ಲೋರೈಡ್ ಫ್ರೀ’ ಟೂತ್‌ಪೇಸ್ಟ್ ಬಂದಿಳಿಯುತ್ತಿದೆ. ಉಗುಳುವುದಕ್ಕೆ ಫ್ಲೋರೈಡ್ ಫ್ರೀ, ನುಂಗುವುದಕ್ಕೆ ಫ್ಲೋರೈಡ್ ನಿಜವಾಗಿಯೂ ಫ್ರೀ.

ಬೆಂಗಳೂರಿನವರು ತಲೆ ತೊಳೆದ ನೀರಿನ ಕಥೆ ಗೊತ್ತಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬುತ್ತಾರೆ. ಮೂರನೇ ಹಂತವೂ ಮಾಡಿ ಎಂದು ಇಲ್ಲಿನ ನೀರಾವರಿ ಹೋರಾಟಗಾರರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು 2018ರಲ್ಲಿ ನೊರೆ ಎದ್ದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ವೀಕೆಂಡಿಗೆ ನಂದಿಬೆಟ್ಟಕ್ಕೆ ಬರುವ ಕಾರಿನವರು ‘ವಾವ್, ಕೆರೆ ತುಂಬಿದೆ’ ಎಂದು ಫೋಟೊ ಹೊಡೆಯುತ್ತಾರೆ. ತಮ್ಮದೇ ಬಚ್ಚಲ ನೀರಿನ ಗುರುತು ಸಿಗುವುದಿಲ್ಲ, ಪಾಪ. ಅವರ ತಲೆಗೆ ಬೇಡವಾದ ಸಲ್ಫೇಟು ನಮ್ಮ ಕೆರೆಗೆ ಬೇಕೋ ಬೇಡವೋ ಎಂದು ಲೇಬಲ್ ಬರೆಯುವವರು ಯಾರೂ ಕೇಳಿಲ್ಲ.

ಸೋಪಿನ ವಿಷಯದಲ್ಲಾದರೂ ನಮ್ಮ ತಾಲ್ಲೂಕಿಗೆ ಒಂದು ಹಕ್ಕಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ಸರ್ಕಾರ ಸಾಬೂನು ಕಾರ್ಖಾನೆ ಕಟ್ಟಿತು. 2025ರಲ್ಲಿ ಅದೇ ಸಂಸ್ಥೆ ಎರಡು ವರ್ಷಕ್ಕೆ 6.2 ಕೋಟಿ ಕೊಟ್ಟು ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿಕೊಂಡಿತು. ಇಡೀ ರಾಜ್ಯ ರೊಚ್ಚಿಗೆದ್ದಿತು. ಸೋಪು ಯಾರ ಕೈಯಲ್ಲಿರಬೇಕು ಎಂದು ಎರಡು ವಾರ ಕಾದಾಡಿದೆವು. ಸೋಪಿನೊಳಗೆ ಏನಿರಬೇಕು ಎಂದು ಎರಡು ನಿಮಿಷ ಮಾತಾಡಲಿಲ್ಲ.

ಮಾತಾಡಿದ್ದರೆ ಇಷ್ಟು ತಿಳಿಯುತ್ತಿತ್ತು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸೋಪಿನಲ್ಲಿ ಒಟ್ಟು ಕೊಬ್ಬಿನಂಶ ಕನಿಷ್ಠ ಶೇ 76 ಇರಬೇಕು. ಎರಡನೆಯದರಲ್ಲಿ 70, ಮೂರನೆಯದರಲ್ಲಿ 60. ಅದಕ್ಕಿಂತ ಕೆಳಗೆ ‘ಬೇಥಿಂಗ್ ಬಾರ್’ ಎಂಬ ಇನ್ನೊಂದು ಜಾತಿ ಇದೆ, 40 ಇದ್ದರೂ ಪಾಸು. ಹಳ್ಳಿ ಅಂಗಡಿಯ ಹತ್ತು ರೂಪಾಯಿ ಸೋಪಿನ ಹಿಂದೆ ಭೂತಗನ್ನಡಿ ಹಿಡಿದು ನೋಡಿ, ಆ ಎರಡು ಪದ ಎಷ್ಟು ಕಡೆ ಸಿಗುತ್ತದೆ ಎಂದು. ಎಸ್ಸೆಸ್ಸೆಲ್ಸಿಯ ಮೂವತ್ತೈದನ್ನು ಸೋಪು ಕೂಡ ಕಲಿತುಕೊಂಡಿದೆ.

ಬಿಳುಪಿನ ಈ ಹುಚ್ಚಿಗೆ ಕಂಪನಿಗಳನ್ನು ಬೈದು ಕೈ ತೊಳೆದುಕೊಳ್ಳಬಹುದು. 1975ರಿಂದ ‘ಫೇರ್ ಅಂಡ್ ಲವ್ಲಿ’ ಮಾರಿದವರು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ನಾಮಕರಣ ಮಾಡಿಕೊಂಡರು. ಅದೇ ವರ್ಷ ಫೇರ್‌ನೆಸ್ ಜಾಹೀರಾತಿನಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದವರಿಗೆ ಐದು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ ಎಂದು ಕೇಂದ್ರ ಸರ್ಕಾರ ಕಾಯ್ದೆ ತಿದ್ದುಪಡಿಯ ಕರಡು ಹೊರಡಿಸಿತು. ಟ್ಯೂಬಿನ ಮೇಲಿನ ಹೆಸರು ಬದಲಾಗುವುದು ಬೇಗ. ಕಾಯ್ದೆಗೆ ಆತುರವಿಲ್ಲ.

ಆದರೆ ಹುಡುಗಿ ನೋಡಲು ಕಾರು ಹತ್ತಿ ಬರುವವರು ಕಂಪನಿಯವರಲ್ಲವಲ್ಲ. ‘ಹುಡುಗಿ ಕಲರ್ ಹೇಗೆ?’ ಎಂದು ಕೇಳುವುದು ಹುಡುಗನ ಅತ್ತೆ, ಚಿಕ್ಕಮ್ಮ, ಕರಿಕಂಬಳಿಯ ಬಣ್ಣದ ಸೋದರಮಾವ. ಇಷ್ಟು ಕೇಳುವಾಗ ಅವರಿಗೆ ನಾಚಿಕೆ ಇಲ್ಲ. ಕ್ರೀಮು ತಗೊಳ್ಳುವಾಗ ಡಬ್ಬಿ ಮುಚ್ಚಿಕೊಳ್ಳುವ ನಾಚಿಕೆ ಹುಡುಗಿಯದು.

ಇದೇ ಜನರ ಇನ್ನೊಂದು ಮುಖ ನೋಡಿ. ಸ್ಟಿಕ್ಕರ್ ಬೊಟ್ಟಿನ ಕೆಲವು ಅಂಟುಗಳಲ್ಲಿ ಬ್ಯುಟೈಲ್‌ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲುತ್ತದೆ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಅಂಟಿಸಿದರೆ ಹಣೆಯ ನಡುವೆ ಕಾಳಿನಷ್ಟು ಜಾಗ ಅಚ್ಚ ಬಿಳಿ. ನಮ್ಮ ದೇಶದ ಚರ್ಮವೈದ್ಯರು ಎಷ್ಟೋ ಸಲ ಬರೆದಿರುವ ವಿಷಯ. ಹೆಂಗಸರು ಅದನ್ನು ಮುಚ್ಚಲು ಇನ್ನೂ ದೊಡ್ಡ ಸ್ಟಿಕ್ಕರ್ ಕೊಳ್ಳುತ್ತಾರೆ. ಬಿಳಿ ಜಾಗವೂ ದೊಡ್ಡದಾಗುತ್ತದೆ.

ಇಷ್ಟು ಬಿಳುಪು ಬಂದಿತಲ್ಲ, ಖುಷಿಪಡಬೇಕಲ್ಲವೇ? ಇಲ್ಲ. ‘ತೊನ್ನಾ?’ ಎಂದು ಪಿಸುಗುಟ್ಟಿ, ಕೊಟ್ಟ ಕಾಫಿ ಪೂರ್ತಿ ಕುಡಿಯದೆ ಎದ್ದು ಹೋಗುತ್ತಾರೆ. ಮುಖವೆಲ್ಲ ಬೆಳ್ಳಗಿರಬೇಕು. ಅಲ್ಲಲ್ಲಿ ಬೆಳ್ಳಗಾದರೆ ಸಂಬಂಧ ಬೇಡ.

ಹಾಗಾದರೆ ಏನು ನೋಡಿ ಕೊಳ್ಳಬೇಕು ಎನ್ನುತ್ತೀರಿ. ‘ಫ್ರೀ’ ಎಂಬ ಪದ ನೋಡಬೇಡಿ. ತಯಾರಕರ ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ದಿನ, ಒಳಗಿನ ವಸ್ತುಗಳ ಪಟ್ಟಿ ಇವೆಯೇ ನೋಡಿ. ಹೊರದೇಶದ್ದಾದರೆ ಆಮದು ನೋಂದಣಿ ನಂಬರ್ ಇರಲೇಬೇಕು. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂದರೆಲ್ಲ ಪಾದರಸದ ಮಾರುವೇಷಗಳು. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್, ಡಾಕ್ಟರ ಚೀಟಿ ಇಲ್ಲದೆ ಮುಖದ ಹತ್ತಿರ ತರಬೇಡಿ. ವಾರದಲ್ಲಿ ಬೆಳ್ಳಗಾಗಿಸುತ್ತೇನೆ ಎನ್ನುವುದನ್ನು ಅಲ್ಲೇ ಇಡಿ.

ಮತ್ತೆ, ಬಿಲ್ ಕೇಳಿ. ಯಾವ ಇಲಾಖೆಗೆ ದೂರು ಕೊಟ್ಟರೂ ಮೊದಲು ಕೇಳುವುದು ಅದನ್ನೇ. ನಾನೂ ಒಂದು ಅಂಗಡಿಯಲ್ಲಿ ಅಂಥ ಡಬ್ಬಿ ಹಿಡಿದುಕೊಂಡು ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಹಿತಕ್ಕಾಗಿಯೇ ಎಂಬಂತೆ ದನಿ ತಗ್ಗಿಸಿದ.

‘ಬಿಲ್ ಹಾಕಿದ್ರೆ ಜಿಎಸ್‌ಟಿ ಬರುತ್ತೆ ಸಾರ್. ನಿಮಗೇ ಲಾಸು.’